ಗೋದಲಿಯ ಮೂಕಪ್ರಾಣಿಗಳು

(ಶತಮಾನೋತ್ಸವದ ಅಂಗವಾಗಿ ಜೆ.ಪಿ. ನಗರದ ಕುಟುಂಬಗಳು ಏರ್ಪಡಿಸಿದ್ದ ಆಗಮನಕಾಲದ ಕೂಟದಲ್ಲಿ ಧರ್ಮೋಪದೇಶದ ಹಿರಿಯ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಹೆಸರಿನಲ್ಲಿ ಸೇರಿದ ಸಭೆಯಲ್ಲಿ ಕಲ್ಲು ಹೊತ್ತ ಹಿರಿಯರನ್ನೂ ಗಾರೆ ಕಲಸಿದ ತಾಯಂದಿರನ್ನೂ ನೆನೆಯುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿಯೇ ಮಾಡಲಿದ್ದಾರೆ. ನನಗೆ ಸಮಿತಿಯವರು ವಹಿಸಿರುವ ವಿಷಯ ಬೇರೆ: ಕ್ರಿಸ್ತಜಯಂತಿಯ ಕಥೆಯನ್ನು ಮಾತನಾಡುವ ಪ್ರಾಣಿಗಳ ಬಾಯಿಂದ ಹೇಳಿಸುವ ಅನಿಮೇಷನ್ ಚಿತ್ರಗಳು. ಕಾರ್ಟೂನು ನೋಡುವ ವಯಸ್ಸನ್ನು ಎಂದೋ ದಾಟಿಬಂದ ನನಗೆ ಇದನ್ನೇಕೆ ಕೊಟ್ಟರೆಂದು ಕೆಲವರು ನಕ್ಕಿರಬಹುದು. ಕಾರಣವಿದೆ. ಈ ಚಿತ್ರಗಳಿಂದಾಗಿ ಒಬ್ಬ ಬಾಲಕಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಹುಡುಕಲು ನನಗೆ ಒಂದು ವಾರ ಹಿಡಿಯಿತು. ಆ ವಾರದ ಓದನ್ನು ನಿಮ್ಮ ಮುಂದಿಡುವುದಷ್ಟೇ ಇಂದಿನ ನನ್ನ ಕೆಲಸ.

ಕೆಲವು ವರ್ಷಗಳ ಹಿಂದಿನ ಮಾತು. ಇದೇ ಜೆ.ಪಿ. ನಗರದ ಏಳನೆಯ ಹಂತದಲ್ಲಿ, ಒಂದು ವಸತಿ ಸಮುಚ್ಚಯದ ಕೆಳಮಹಡಿಯಲ್ಲಿ, ಗೋಡೆಗೆ ಬಿಳಿಯ ಪಂಚೆ ಕಟ್ಟಿ ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳಿಗೆ ‘ದಿ ಸ್ಟಾರ್’ ಎಂಬ ಚಿತ್ರವನ್ನು ತೋರಿಸಿದೆವು. 2017ರಲ್ಲಿ ಅಮೆರಿಕದ ಸೋನಿ ಸಂಸ್ಥೆ ಹೊರತಂದ, ತಿಮೊಥಿ ರೆಕಾರ್ಟ್ ಎಂಬುವರು ನಿರ್ದೇಶಿಸಿದ, ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆಯಾದ ಚಿತ್ರ ಅದು. ಮಕ್ಕಳು ಮುಂದೆ ಜಮಖಾನದ ಮೇಲೆ, ಅವರನ್ನು ಕರೆತಂದ ಅಜ್ಜಿಯರು ಹಿಂದೆ ಕುರ್ಚಿಗಳ ಮೇಲೆ. ಮಕ್ಕಳಿಗೆ ಇಂಗ್ಲಿಷು ನೀರು ಕುಡಿದಷ್ಟು ಸುಲಭ. ಅಜ್ಜಿಯರಿಗೆ ಹಾಗಲ್ಲ. ಹತ್ತು ನಿಮಿಷವಾಗುವುದರೊಳಗೆ ಹಿಂದಿನ ಸಾಲಿನಿಂದ, "ಮೇಷ್ಟ್ರೇ, ಆ ಕತ್ತೆ ಏನಂತು?" ಎಂಬ ಪ್ರಶ್ನೆ ಬಂದಿತು. ಅಂದು ನಾನು ಕತ್ತೆಯ ದುಭಾಷಿಯಾದೆ.

ಆ ಕೆಲಸ ಎಷ್ಟು ಕಷ್ಟವೆಂದು ಮಾಡಿದ ಮೇಲೆಯೇ ತಿಳಿದದ್ದು. ಕತ್ತೆಯ ಬಾಯಲ್ಲಿ ಯಾವ ಕನ್ನಡವನ್ನಿಡುವುದು? ಧರ್ಮೋಪದೇಶದ ಪುಸ್ತಕದ ಕನ್ನಡವನ್ನಿಟ್ಟರೆ ಅದು ಪ್ರವಾದಿಯಂತೆ ಕಾಣುತ್ತದೆ. ಸಿನಿಮಾದ ಕನ್ನಡವನ್ನಿಟ್ಟರೆ ಪುಂಡನಂತೆ. ಕೊನೆಗೆ ನಮ್ಮ ತಾಯಿಯ ಊರಾದ ಆನೇಕಲ್ಲು ಕಡೆಯ ಮಾತನ್ನೇ ಅದಕ್ಕೆ ಕೊಟ್ಟೆ. "ಯಾಕ್ಲಾ ಪಾರಿವಾಳ, ಗಾಣ ತಿರುಗಿಸಿ ತಿರುಗಿಸಿ ನನ್ನ ಜೀವ ಸವೆದೋಯ್ತು ಕಣ್ಲಾ" ಎಂದು ನಾನು ಹೇಳಿದಾಗ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಮುಂದಿನ ಸಾಲಿನ ಮಕ್ಕಳೂ ತಿರುಗಿ ನೋಡಿದರು. ಆ ಕ್ಷಣದಿಂದ ಅದು ಅಜ್ಜಿಯರ ಕತ್ತೆಯೇ ಆಯಿತು.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬೋ ಎಂಬ ಎಳೆಯ ಕತ್ತೆ ನಜರೇತಿನಲ್ಲಿ ಹಿಟ್ಟಿನ ಗಿರಣಿ ಸುತ್ತುತ್ತಿರುತ್ತದೆ. ರಾಜರ ಸವಾರಿಯಲ್ಲಿ ಹೆಜ್ಜೆ ಹಾಕಬೇಕೆಂಬುದು ಅದರ ಕನಸು. ಡೇವ್ ಎಂಬ ಪಾರಿವಾಳ ಅದರ ಗೆಳೆಯ. ತಪ್ಪಿಸಿಕೊಂಡು ಓಡುವಾಗ ಅದು ಮರಿಯಮ್ಮನವರ ಮನೆ ಸೇರುತ್ತದೆ. ಮುಂದೆ ರೂತ್ ಎಂಬ ಕುರಿಯೂ ಜೊತೆಗೂಡುತ್ತದೆ. ಇತ್ತ ಜ್ಞಾನಿಗಳನ್ನು ಹೊತ್ತ ಮೂರು ಒಂಟೆಗಳು, ಅತ್ತ ಹೆರೋದನು ಕಳುಹಿಸಿದ ಬೇಟೆಗಾರ ಮತ್ತು ಅವನ ಎರಡು ನಾಯಿಗಳು. ಕೊನೆಯಲ್ಲಿ ಕತ್ತೆಗೆ ತಾನು ಬಯಸಿದ ರಾಜಸೇವೆ ಬೆತ್ಲೆಹೇಮಿನ ಕೊಟ್ಟಿಗೆಯಲ್ಲಿ, ಬಯಸಿದ ರೀತಿಗಿಂತ ಬೇರೆಯಾಗಿ, ದೊರಕುತ್ತದೆ.

ಈ ಚಿತ್ರದಲ್ಲಿ ನಾನು ಮೆಚ್ಚಿದ ಸಂಗತಿಗಳು ಎರಡು. ಪ್ರಾಣಿಗಳು ತಮ್ಮತಮ್ಮಲ್ಲೇ ಮಾತನಾಡುತ್ತವೆಯೇ ಹೊರತು ಮನುಷ್ಯರಿಗೆ ಅವುಗಳ ಮಾತು ಕೇಳಿಸದು. ಬೆನ್ನ ಹಿಂದೆ ಅಪಾಯವಿದೆಯೆಂದು ಕತ್ತೆ ಎಷ್ಟೇ ಕೂಗಿದರೂ ಸಂತ ಜೋಸೆಫರಿಗೆ ಕೇಳುವುದು ಕತ್ತೆಯ ಅರಚಾಟವೇ. ಇದರಿಂದ ಪವಿತ್ರ ಕುಟುಂಬದ ಘನತೆಗೆ ಭಂಗ ಬರಲಿಲ್ಲ. ಇನ್ನೊಂದು, ಆ ಎರಡು ನಾಯಿಗಳ ಪ್ರಸಂಗ. ಬೆಟ್ಟದಂಚಿನಿಂದ ಜಾರಿ ಪ್ರಾಣ ಬಿಡುವಂತಿದ್ದ ಶತ್ರುಗಳನ್ನು ಕತ್ತೆ ಉಳಿಸುತ್ತದೆ. ಉಳಿದ ನಾಯಿಗಳು ನಾಚಿಕೆಯಿಂದ ತಲೆ ತಗ್ಗಿಸಿ ಬಂದಾಗ ಕೊಟ್ಟಿಗೆಯಲ್ಲಿ ಅವಕ್ಕೂ ಜಾಗವಿರುತ್ತದೆ. ಪಾಪನಿವೇದನೆಯ ಪಾಠವನ್ನು ಹದಿನೈದು ವರ್ಷ ಬೋಧಿಸಿದ ನನಗೆ ಇಷ್ಟು ಚಿಕ್ಕದಾಗಿ ಅದನ್ನು ಹೇಳಲು ಬಂದಿರಲಿಲ್ಲ.

ಮೆಚ್ಚದ ಸಂಗತಿಗಳೂ ಇವೆ. ಮಾತು ವಿಪರೀತ. ನಗಿಸಲೇಬೇಕೆಂಬ ಆತುರದಲ್ಲಿ ಪ್ರಾಣಿಗಳು ಒಂದು ನಿಮಿಷವೂ ಬಾಯಿ ಮುಚ್ಚುವುದಿಲ್ಲ. ಮತ್ತಾಯನು ಹೇಳುವ ಜ್ಞಾನಿಗಳ ಭೇಟಿಯೂ ಲೂಕನು ಹೇಳುವ ಕುರುಬರ ಭೇಟಿಯೂ ಒಂದೇ ರಾತ್ರಿಗೆ ಸೇರಿಹೋಗಿವೆ. ಆ ತಪ್ಪನ್ನು ನಮ್ಮ ಗೋದಲಿಗಳೂ ಪ್ರತಿವರ್ಷ ಮಾಡುತ್ತವಾದ್ದರಿಂದ ಅದನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಬೆತ್ಲೆಹೇಮಿನ ಹಸುಳೆಗಳ ಕೊಲೆ, ಈಜಿಪ್ಟಿಗೆ ಪಲಾಯನ ಇವೆರಡನ್ನೂ ತೋರಿಸದೆ ಕಥೆ ಮುಗಿದುಬಿಡುತ್ತದೆ. ಕುಟುಂಬ ಚಿತ್ರವೆಂದ ಮೇಲೆ ಅದು ಅನಿವಾರ್ಯವೆಂದು ಹೇಳುವವರಿದ್ದಾರೆ. ಇರಬಹುದು.

ಇಂತಹ ಚಿತ್ರಗಳು ಹೊಸವಲ್ಲ. 1977ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ನೆಸ್ಟರ್’ ಎಂಬ ಉದ್ದ ಕಿವಿಯ ಕತ್ತೆಯ ಬೊಂಬೆಚಿತ್ರ ಬಂದಿತು. ಎಲ್ಲರೂ ಹಂಗಿಸುತ್ತಿದ್ದ ಆ ಕಿವಿಗಳೇ ಮರಳು ಬಿರುಗಾಳಿಯಲ್ಲಿ ದೇವದೂತರ ದನಿಯನ್ನು ಕೇಳಿಸಿಕೊಂಡು ಮರಿಯಮ್ಮನವರನ್ನು ಬೆತ್ಲೆಹೇಮಿಗೆ ಮುಟ್ಟಿಸುತ್ತವೆ. ಮರುವರ್ಷ, 1978ರ ಡಿಸೆಂಬರಿನಲ್ಲಿ, ಡಿಸ್ನಿ ಸಂಸ್ಥೆಯಿಂದ ಡಾನ್ ಬ್ಲೂತ್ ನಿರ್ದೇಶನದ ‘ದಿ ಸ್ಮಾಲ್ ಒನ್’ ಬಂದಿತು. ಅರ್ಧ ಗಂಟೆಗೂ ಕಡಿಮೆ. ನನ್ನ ಮನಸ್ಸಿಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಅದೇ. ಮುದಿಯಾದ ತನ್ನ ಕತ್ತೆಯನ್ನು ಮಾರಿ ಬಾ ಎಂದು ತಂದೆ ಮಗನನ್ನು ಪೇಟೆಗೆ ಕಳುಹಿಸುತ್ತಾನೆ. ತೊಗಲು ಹದ ಮಾಡುವವನೊಬ್ಬನು ಅದರ ಚರ್ಮಕ್ಕಾಗಿ ಮುಂದೆ ಬರುತ್ತಾನೆ. ಹರಾಜಿನವನು ಹಾಸ್ಯ ಮಾಡುತ್ತಾನೆ. ಸಂಜೆಯಾಗುವ ಹೊತ್ತಿಗೆ ಒಬ್ಬ ಸೌಮ್ಯ ಮನುಷ್ಯ ಬಂದು, ಹೆಂಡತಿಯನ್ನು ಬೆತ್ಲೆಹೇಮಿಗೆ ಕರೆದೊಯ್ಯಬೇಕೆಂದು ಹೇಳಿ, ಒಂದು ಬೆಳ್ಳಿ ನಾಣ್ಯಕ್ಕೆ ಕೊಳ್ಳುತ್ತಾನೆ. ಈ ಚಿತ್ರದಲ್ಲಿ ಕತ್ತೆ ಒಂದು ಮಾತನ್ನೂ ಆಡುವುದಿಲ್ಲ. ಅಜ್ಜಿಯರಿಗೆ ದುಭಾಷಿಯೂ ಬೇಕಾಗಲಿಲ್ಲ. ಅವರು ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಪ್ರಶ್ನೆಗೆ ಬರುತ್ತೇನೆ. ಚಿತ್ರದ ಮರುವಾರ ತರಗತಿಯಲ್ಲಿ ಸಣ್ಣ ಪರೀಕ್ಷೆ ಇಟ್ಟಿದ್ದೆ. ಬೆತ್ಲೆಹೇಮಿನ ಕೊಟ್ಟಿಗೆಯಲ್ಲಿ ಯಾರು ಯಾರಿದ್ದರು ಎಂಬ ಪ್ರಶ್ನೆಗೆ ನಾಲ್ಕನೆಯ ತರಗತಿಯ ಒಬ್ಬ ಬಾಲಕಿ, ಬೋ, ಡೇವ್, ರೂತ್ ಎಂದು ಹೆಸರು ಸಹಿತ ಬರೆದಿದ್ದಳು. ನಾನು ಕೆಂಪು ಗೆರೆ ಎಳೆದು, "ಇವು ಶುಭಸಂದೇಶದಲ್ಲಿ ಇಲ್ಲ" ಎಂದು ಬರೆದೆ. ಅವಳು ನೇರವಾಗಿ ಬಂದು, "ಸರ್, ಎತ್ತು ಕತ್ತೆ ಇವೆಯಾ?" ಎಂದಳು. ಇವೆ ಎಂದು ಧೈರ್ಯದಿಂದ ಹೇಳಿ ಲೂಕನ ಎರಡನೆಯ ಅಧ್ಯಾಯವನ್ನು ತೆರೆದೆ. ಇರಲಿಲ್ಲ.

ನಗಬೇಡಿ. ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಲೂಕನು ಗೋದಲಿಯನ್ನು ಹೆಸರಿಸುತ್ತಾನೆ, ಅದರಲ್ಲಿ ತಿನ್ನುವ ದನವನ್ನು ಹೆಸರಿಸುವುದಿಲ್ಲ. ಮರಿಯಮ್ಮನವರು ಕತ್ತೆಯ ಮೇಲೆ ಕುಳಿತು ಹೋದರೆಂಬುದೂ ಶುಭಸಂದೇಶಗಳಲ್ಲಿಲ್ಲ. ಅದು ಎರಡನೆಯ ಶತಮಾನದ, ಯಾಕೋಬನ ಹೆಸರಿನಲ್ಲಿರುವ ಒಂದು ಅನಧಿಕೃತ ಗ್ರಂಥದಿಂದ ಬಂದದ್ದು. ಎತ್ತು ಕತ್ತೆಗಳು ಶಿಶುವನ್ನು ಆರಾಧಿಸಿದವೆಂಬ ಕಥೆ ಅದಕ್ಕೂ ಶತಮಾನಗಳ ನಂತರ ಮತ್ತಾಯನ ಹೆಸರಿನಲ್ಲಿ ಹುಟ್ಟಿದ ಇನ್ನೊಂದು ಗ್ರಂಥದ್ದು. 2012ರಲ್ಲಿ ಅಂದಿನ ಪೋಪ್ ಹದಿನಾರನೆಯ ಬೆನೆಡಿಕ್ಟರು ಯೇಸುಸ್ವಾಮಿಯ ಬಾಲ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮಾತನ್ನು ಹೇಳಿದಾಗ, ಪೋಪರು ಗೋದಲಿಯಿಂದ ದನಕರುಗಳನ್ನು ಓಡಿಸಿಬಿಟ್ಟರೆಂದು ಪತ್ರಿಕೆಗಳು ಗದ್ದಲವೆಬ್ಬಿಸಿದವು. ಓದದೆ ಬರೆದವರ ಗದ್ದಲ ಅದು. ಎತ್ತು ಕತ್ತೆಗಳಿಲ್ಲದ ಗೋದಲಿಯನ್ನು ಯಾರೂ ಒಪ್ಪರು ಎಂದೂ ಅವರು ಅಲ್ಲಿಯೇ ಬರೆದಿದ್ದರು.

ಹಾಗಾದರೆ ಅವು ಬಂದದ್ದು ಎಲ್ಲಿಂದ? ಪ್ರವಾದಿ ಯೆಶಾಯನ ಮೊದಲ ಅಧ್ಯಾಯದಿಂದ. ಎತ್ತಿಗೆ ತನ್ನ ಒಡೆಯ ಯಾರೆಂದು ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಯಾವುದೆಂದು ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲವೆಂದು ದೇವರು ಅಲ್ಲಿ ನೊಂದುಕೊಳ್ಳುತ್ತಾರೆ. ಆದಿಸಭೆಯವರು ಆ ನೋವನ್ನು ಬೆತ್ಲೆಹೇಮಿಗೆ ತಂದು ನಿಲ್ಲಿಸಿದರು. ಮಿಲಾನಿನ ಸಂತ ಅಂಬ್ರೋಸರ ದೇವಾಲಯದಲ್ಲಿ ನಾಲ್ಕನೆಯ ಶತಮಾನದ ಕೊನೆಯ ಕಾಲದ ಕಲ್ಲಿನ ಶವಪೆಟ್ಟಿಗೆಯೊಂದಿದೆ. ಅದರ ಮೇಲಿನ ಕೆತ್ತನೆಯಲ್ಲಿ ಬಟ್ಟೆ ಸುತ್ತಿದ ಶಿಶು, ಒಂದು ಕಡೆ ಎತ್ತು, ಇನ್ನೊಂದು ಕಡೆ ಕತ್ತೆ. ಮಾತೆಯೂ ಇಲ್ಲ, ಜೋಸೆಫರೂ ಇಲ್ಲ. ಮನುಷ್ಯರಿಗಿಂತ ಮೊದಲು ಪಶುಗಳೇ ಗೋದಲಿಯಲ್ಲಿ ಸ್ಥಾನ ಪಡೆದಿದ್ದವು. ನಮ್ಮಲ್ಲಿ ‘ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ’ ಎಂಬ ಗಾದೆಯಿದೆ. ಯೆಶಾಯನು ಈ ಗಾದೆಯನ್ನು ಒಪ್ಪುತ್ತಿರಲಿಲ್ಲ.

1223ರ ಕ್ರಿಸ್ತಜಯಂತಿಗೆ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೋ ಊರಿನಲ್ಲಿ ಮಾಡಿದ್ದೂ ಇದನ್ನೇ. ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ ಆ ಊರಿನ ಗೆಳೆಯನೊಬ್ಬನಿಗೆ ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ ಇಷ್ಟನ್ನು ಸಿದ್ಧಪಡಿಸಲು ಹೇಳಿದರು. ಬೊಂಬೆಗಳನ್ನು ಕೇಳಲಿಲ್ಲ. ಆ ಗೋದಲಿಯ ಮೇಲೆಯೇ ದಿವ್ಯ ಬಲಿಪೂಜೆ ನಡೆಯಿತು. ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿದರು. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೋಗೆ ಹೋಗಿ, ಮನೆಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಬಿಡಬೇಡಿರೆಂದು ಪತ್ರ ಬರೆದರು.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಇಂಗ್ಲಿಷಿನ ‘ಕ್ರಿಬ್’ ಎಂಬ ಪದವನ್ನು ಕೇಳಿದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಬೊಂಬೆಗಳು ಮತ್ತು ಬಣ್ಣದ ದೀಪದ ಸರ. ‘ಗೋದಲಿ’ ಹಾಗಲ್ಲ. ಹಳ್ಳಿಗಳಲ್ಲಿ ‘ಗ್ವಾದ್ಲಿ’ ಎಂದರೆ ಇವತ್ತಿಗೂ ದನಗಳಿಗೆ ಮೇವು ಹಾಕುವ ಜಾಗ. ಕಲ್ಲಿನದೋ ಮಣ್ಣಿನದೋ ಒಂದು ದೋಣಿಯಾಕಾರದ ಗೂಡು, ದನ ನೆಕ್ಕಿ ನೆಕ್ಕಿ ಅಂಚು ನುಣುಪಾದದ್ದು. ನಮ್ಮ ಹಿರಿಯರು ದೇವಪುತ್ರನ ತೊಟ್ಟಿಲಿಗೆ ಬೇರೆ ಸಂಸ್ಕೃತ ಪದವನ್ನು ಹುಡುಕದೆ ಈ ಪದವನ್ನೇ ಉಳಿಸಿಕೊಂಡರು. ಕನ್ನಡದಲ್ಲಿ ಗೋದಲಿ ಎಂದೊಡನೆ ದನ ತಾನಾಗಿಯೇ ಬಂದು ನಿಲ್ಲುತ್ತದೆ. ಲೂಕನು ಹೇಳದೆ ಬಿಟ್ಟದ್ದನ್ನು ನಮ್ಮ ಭಾಷೆ ಹೇಳಿಬಿಟ್ಟಿದೆ. ನಮ್ಮ ಅಜ್ಜಿ ನಡುರಾತ್ರಿಯ ಪೂಜೆಗೆ ಹೊರಡುವ ಮುನ್ನ ದನದ ಮುಂದೆ ಒಂದು ಹೊರೆ ಹಸಿಹುಲ್ಲು ಹಾಕದೆ ಮನೆ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಅವತ್ತು ಅವುಗಳ ತಟ್ಟೆಯನ್ನು ನಾವು ಇಸಕೊಂಡಿದ್ದೀವಲ್ಲ" ಎನ್ನುತ್ತಿದ್ದಳು.

ಈ ಜೆ.ಪಿ. ನಗರವೂ ಅಂತಹ ಹಳ್ಳಿಗಳ ಮೇಲೆಯೇ ಎದ್ದದ್ದು. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಇವೆಲ್ಲ ರಾಗಿ ಬೆಳೆದ, ದನ ಕಟ್ಟಿದ ಊರುಗಳು. ಪಕ್ಕದ ಗುಡ್ಡದ ಹೆಸರೇ ರಾಗಿಗುಡ್ಡ. ಈಗ ಹೊಲವಿಲ್ಲದಿದ್ದರೂ ಆಗಮನಕಾಲ ಬಂತೆಂದರೆ ನಮ್ಮ ಹೆಂಗಸರು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು ಗೋದಲಿಯ ಮುಂದೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಅದರ ಮುಂದೆ ಯಾವ ಬಣ್ಣದ ದೀಪವೂ ಸಾಟಿಯಲ್ಲ.

ಇಷ್ಟನ್ನು ಓದಿಕೊಂಡು ಮುಂದಿನ ಭಾನುವಾರ ತರಗತಿಗೆ ಹೋಗಿ, ಕೆಂಪು ಗೆರೆ ಎಳೆದದ್ದು ನನ್ನದೇ ತಪ್ಪೆಂದು ಒಪ್ಪಿಕೊಂಡೆ. ಎತ್ತು ಕತ್ತೆಗಳ ಕಥೆಯನ್ನು ಹೇಳಿದೆ. ಪಾರಿವಾಳವೂ ಸುಳ್ಳಲ್ಲ, ಅದೇ ಎರಡನೆಯ ಅಧ್ಯಾಯದಲ್ಲಿ ಪಾರಿವಾಳಗಳ ಮಾತಿದೆ ಎಂದು ಉತ್ಸಾಹದಿಂದ ಸೇರಿಸಿದೆ. ಶಿಶುವನ್ನು ಜೆರುಸಲೇಮಿನ ದೇವಾಲಯಕ್ಕೆ ತಂದಾಗ ಒಂದು ಜೋಡಿ ಹಕ್ಕಿಗಳನ್ನು ಅರ್ಪಿಸಿದರು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಡೇವ್‌ನನ್ನು ಕೊಂದರಾ ಸರ್?" ಎಂದಳು.

ನಾನು ಒಂದು ವಾರ ಹುಡುಕಿದ್ದು ಈ ಪ್ರಶ್ನೆಗೆ ಉತ್ತರವನ್ನು.

ಪ್ರಾಣಿಯ ಬಾಯಿಗೆ ಮಾತು ಕೊಟ್ಟವರು ಈ ಪ್ರಶ್ನೆಯನ್ನು ಎದುರಿಸಲೇಬೇಕು. ಮೂಕಪ್ರಾಣಿಯನ್ನು ಬಲಿಯಾಗಿ ಅರ್ಪಿಸಿದರೆಂದು ಓದುವಾಗ ನಮ್ಮ ಕಣ್ಣು ಆ ಸಾಲಿನ ಮೇಲೆ ನಿಲ್ಲುವುದಿಲ್ಲ. ಆದರೆ ಆ ಪ್ರಾಣಿಗೆ ಹೆಸರಿದ್ದು, ಅದು ಒಂದೂವರೆ ಗಂಟೆ ನಮ್ಮನ್ನು ನಗಿಸಿದ ಮೇಲೆ? ಅಮೆರಿಕದವರು ಚಿತ್ರವನ್ನು ಕ್ರಿಸ್ತಜಯಂತಿಯ ರಾತ್ರಿಗೇ ಮುಗಿಸಿ ಜಾರಿಕೊಂಡರು. ನಲವತ್ತು ದಿನ ಮುಂದೆ ಹೋದದ್ದು ನಮ್ಮ ಬಾಲಕಿ.

ಪವಿತ್ರ ಬೈಬಲಿನಲ್ಲಿ ಬಾಯಿ ಬಿಟ್ಟು ಮಾತನಾಡಿದ ಪ್ರಾಣಿಗಳು ಎರಡೇ. ಏದೆನಿನ ಸರ್ಪ, ಮತ್ತು ಸಂಖ್ಯಾಕಾಂಡದ ಇಪ್ಪತ್ತೆರಡನೆಯ ಅಧ್ಯಾಯದ, ಬಿಳಾಮನ ಹೆಣ್ಣು ಕತ್ತೆ. ದಾರಿಯಲ್ಲಿ ಕತ್ತಿ ಹಿಡಿದು ನಿಂತ ದೇವದೂತನನ್ನು ಕತ್ತೆ ಕಂಡಿತು. ದೂರದ ಊರುಗಳವರೂ ಹುಡುಕಿಕೊಂಡು ಬರುತ್ತಿದ್ದ ಬಿಳಾಮನು ಕಾಣಲಿಲ್ಲ. ಮೂರು ಬಾರಿ ಅದು ಅವನನ್ನು ಉಳಿಸಲು ದಾರಿ ತಪ್ಪಿತು, ಮೂರು ಬಾರಿಯೂ ಹೊಡೆತ ತಿಂದಿತು. ಆಮೇಲೆ ದೇವರು ಅದರ ಬಾಯಿ ತೆರೆದರು. ಆಗಲೂ ಅದು ಹಾಸ್ಯ ಮಾಡಲಿಲ್ಲ, ಉಪದೇಶ ಕೊಡಲಿಲ್ಲ. ಏಕೆ ಹೊಡೆದೆ, ಇಷ್ಟು ವರ್ಷ ನಿನ್ನನ್ನು ಹೊತ್ತವಳು ನಾನಲ್ಲವೇ ಎಂದಷ್ಟೇ ಕೇಳಿತು.

ಕನ್ನಡಿಗರಾದ ನಮಗೆ ಈ ದನಿ ಹೊಸದಲ್ಲ. 11ನೆಯ ಶತಮಾನದಲ್ಲಿ ಚಾಲುಕ್ಯರ ಆಸ್ಥಾನದ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಾಗಿನಿಂದ ನಮ್ಮ ಗ್ರಂಥಗಳಲ್ಲಿ ಎತ್ತೂ ಸಿಂಹವೂ ನರಿಯೂ ಮಾತನಾಡುತ್ತಲೇ ಬಂದಿವೆ. ಬೀದಿಯಲ್ಲಿ ಬರುವ ಕೋಲೆ ಬಸವ ಬಾಯಿ ಬಿಡದೆ, ಬರೀ ತಲೆಯಾಡಿಸಿಯೇ ನಮಗೆ ಉತ್ತರ ಕೊಡುತ್ತದೆ. ಇವೆಲ್ಲಕ್ಕೂ ಮಿಗಿಲು ಪುಣ್ಯಕೋಟಿ. ಗೋವಿನ ಹಾಡನ್ನು ಶಾಲೆಯಲ್ಲಿ ಕಲಿಯದ ಕನ್ನಡಿಗ ಯಾವ ಮತದಲ್ಲಿಯೂ ಇರಲಾರ. ಹುಲಿಗೆ ಕೊಟ್ಟ ಮಾತಿಗಾಗಿ ಕರುವಿಗೆ ಹಾಲುಣಿಸಿ ಮರಳಿ ಬರುವ ಆ ಹಸು ಮಾತನಾಡುವುದು ಪ್ರಾಣ ಉಳಿಸಿಕೊಳ್ಳಲು ಅಲ್ಲ. ಆಡಿದ ಮಾತಿಗೆ ಪ್ರಾಣವನ್ನೇ ತೆರಲು. 2020ರ ಮಾರ್ಚ್ ತಿಂಗಳಲ್ಲಿ ಈ ಕಥೆಯೇ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರವಾಗಿ ಹೊರಬಂದಿತು. ನಮ್ಮ ಬೆಂಗಳೂರಿನ ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ ನಿರ್ದೇಶಿಸಿದ ಚಿತ್ರ. ಸಂಗೀತ ಇಳಯರಾಜ ಅವರದು. ದೊಡ್ಡ ಸಂಸ್ಥೆಗಳ ನೆರವಿಲ್ಲದೆಯೂ ಇಂತಹ ಕೆಲಸ ಈ ಊರಿನಲ್ಲಿ ಸಾಧ್ಯವೆಂದು ಆಗ ತಿಳಿಯಿತು. ಬೆತ್ಲೆಹೇಮಿನ ರಾತ್ರಿಯನ್ನು ಹಳ್ಳಿಕಾರ್ ಎತ್ತೊಂದರ ಬಾಯಿಂದ ಕನ್ನಡದಲ್ಲಿ ಹೇಳಿಸಲು ನಮ್ಮ ಯುವಕರು ಯಾಕೆ ಮುಂದೆ ಬರಬಾರದು? ಈ ಸಭೆಯಲ್ಲಿಯೇ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೆಲಸದವರು ನಾಲ್ಕೈದು ಮಂದಿ ಕುಳಿತಿದ್ದೀರಿ. ಅಧ್ಯಕ್ಷರು ನನ್ನತ್ತ ನೋಡುತ್ತಿದ್ದಾರೆ, ಖರ್ಚಿನ ಮಾತನ್ನು ಎತ್ತುವುದಿಲ್ಲ.

ಪುಣ್ಯಕೋಟಿಯನ್ನು ನೆನೆದ ಮೇಲೆ ನನಗೆ ಬಾಲಕಿಗೆ ಏನು ಹೇಳಬೇಕೆಂಬುದು ಅಲ್ಪಸ್ವಲ್ಪ ಹೊಳೆಯಿತು. ಮಾರನೆಯ ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸುಳ್ಳು ಹೇಳದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಹೌದಮ್ಮ, ಆ ಹಕ್ಕಿಗಳನ್ನು ಬಲಿ ಕೊಟ್ಟರು. ಹೆರಿಗೆಯಾದ ತಾಯಿ ಶುದ್ಧೀಕರಣಕ್ಕಾಗಿ ಒಂದು ವರ್ಷದ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕೆಂದು ಯಾಜಕಕಾಂಡದಲ್ಲಿ ನಿಯಮವಿತ್ತು. ಕುರಿಮರಿ ಕೊಳ್ಳಲಾಗದ ಬಡವರಿಗೆ ಎರಡು ಹಕ್ಕಿಗಳು ಸಾಕೆಂಬ ರಿಯಾಯಿತಿ ಇತ್ತು. ಜೋಸೆಫರು ಬಡವರು. ಅವರ ಬಡತನದಿಂದ ರೂತ್ ಉಳಿದಳು, ಡೇವ್ ಉಳಿಯಲಿಲ್ಲ. ಆದರೆ ಅಂದು ಮರಿಯಮ್ಮನವರು ಎತ್ತಿಕೊಂಡಿದ್ದ ಮಗು ದೊಡ್ಡದಾದ ಮೇಲೆ ತಾನೇ ಕುರಿಮರಿಯಾದರು. ಪ್ರತಿ ಪೂಜೆಯಲ್ಲೂ ನಾವು ಅವರನ್ನು ಆ ಹೆಸರಿನಿಂದಲೇ ಕರೆಯುತ್ತೇವೆ. ಆಮೇಲೆ ಆ ದೇವಾಲಯದಲ್ಲಿ ಮಾಡುತ್ತಿದ್ದಂತಹ ಬಲಿ ನಮಗೆ ಬೇಕಾಗಲಿಲ್ಲ. ಉಣ್ಣೆ ಕತ್ತರಿಸುವವರ ಮುಂದೆ ಬಾಯಿ ತೆರೆಯದ ಕುರಿಯಂತೆ ಅವರಿರುವರೆಂದು ಯೆಶಾಯನು ಮೊದಲೇ ಹೇಳಿದ್ದನು. ವಿಚಾರಣೆಯ ದಿನ ಅವರು ಹಾಗೆಯೇ ಮೌನವಾಗಿ ನಿಂತರು.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕುರಿಮರಿಯ ಮಾತು ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಎದ್ದು ಹೋಗುವ ಮುನ್ನ, "ಪಾರಿವಾಳಕ್ಕೆ ಯಾರಾದರೂ ಮೊದಲೇ ಹೇಳಿದ್ದರಾ ಸರ್?" ಎಂದು ಕೇಳಿದಳು. ಇಲ್ಲಮ್ಮ ಎಂದೆ.

ಮರುವರ್ಷದ ಆಗಮನಕಾಲದಲ್ಲಿ ನಾವು ಗೋದಲಿ ಕಟ್ಟುತ್ತಿದ್ದಾಗ ಅವಳು ಜೇಡಿಮಣ್ಣಿನಲ್ಲಿ ತಾನೇ ಮಾಡಿದ ಎರಡು ಪಾರಿವಾಳಗಳನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ತಂದಳು. ಒಂದರ ಕೊಕ್ಕು ದಾರಿಯಲ್ಲೇ ಮುರಿದಿತ್ತು. ಅವನ್ನು ಮರಿಯಮ್ಮನವರ ಸ್ವರೂಪದ ಮಗ್ಗುಲಲ್ಲಿ, ಹುಲ್ಲಿನ ಮೇಲೆ ಇಟ್ಟಳು. ಹಕ್ಕಿ ಸೂರಿನ ಮೇಲಿದ್ದರೆ ಚೆನ್ನವೆಂದು ಅಲಂಕಾರದ ಯುವಕರು ಅವನ್ನೆತ್ತಿ ಮೇಲೆ ಕೂರಿಸಿದರು. ಸಂಜೆ ನೋಡಿದರೆ ಮತ್ತೆ ಕೆಳಗೇ ಇದ್ದವು. ಮಾರನೆಯ ದಿನವೂ ಹೀಗೆಯೇ ಆಯಿತು. ಮೂರನೆಯ ದಿನ ಯುವಕರು ಸೋತರು. ಜ್ಞಾನಿಗಳ ಹಬ್ಬದ ನಂತರ ಗೋದಲಿಯನ್ನು ಬಿಚ್ಚಿದಾಗ ಆ ಎರಡನ್ನು ಬೊಂಬೆಗಳ ಪೆಟ್ಟಿಗೆಗೆ ಹಾಕದೆ ಅವಳೇ ಮನೆಗೆ ಒಯ್ದು, ಫೆಬ್ರವರಿ 2ರ ಕಾಣಿಕೆಯ ಹಬ್ಬದಂದು ತಂದು ಪೀಠದ ಮೆಟ್ಟಿಲ ಮೇಲಿಟ್ಟು, ಪೂಜೆ ಮುಗಿದ ಮೇಲೆ ವಾಪಸು ತೆಗೆದುಕೊಂಡು ಹೋದಳು. ಪ್ರತಿವರ್ಷವೂ ಹಾಗೆಯೇ ಮಾಡುತ್ತಿದ್ದಾಳೆ. ಈಗ ಅವಳು ಪ್ರೌಢಶಾಲೆಯಲ್ಲಿದ್ದಾಳೆ.

ಈ ಶತಮಾನೋತ್ಸವದ ಗೋದಲಿಗೆ ಸಾರಕ್ಕಿಯ ಒಂದು ಹಳೆಯ ಮನೆಯವರು ತಮ್ಮ ಕೊಟ್ಟಿಗೆಯಲ್ಲಿದ್ದ ಕಲ್ಲಿನ ಗ್ವಾದ್ಲಿಯನ್ನೇ ಕೊಡಲು ಒಪ್ಪಿದ್ದಾರೆ. ಅದನ್ನೆತ್ತಲು ನಾಲ್ಕು ಜನ ಗಟ್ಟಿಗರು ಬೇಕು. ಹೆಸರು ಕೊಡುವವರು ಕಾರ್ಯದರ್ಶಿಗಳನ್ನು ಕಾಣಬೇಕಾಗಿ ವಿನಂತಿ. ಪಕ್ಕದ ಕೋಣೆಯಲ್ಲಿ ಮಕ್ಕಳು ಆಗಲೇ ಪಂಚೆ ಕಟ್ಟಿ ಕಾಯುತ್ತಿದ್ದಾರೆ. ಇವತ್ತು ‘ದಿ ಸ್ಮಾಲ್ ಒನ್’ ಮೊದಲು, ‘ದಿ ಸ್ಟಾರ್’ ಆಮೇಲೆ. ಹಿಂದಿನ ಸಾಲಿನ ಅಜ್ಜಿಯರಿಗೆ ಕತ್ತೆಯ ಮಾತನ್ನು ಹೇಳಲು ನಾನೂ ಅಲ್ಲಿಗೇ ಹೊರಟೆ.